ಮನಸ್ಸಿಲ್ಲದೆ ಬಂದವರಿಗೂ ವಂದನೆ

ಮೊನ್ನೆ ಆದಿತ್ಯವಾರ ನಮ್ಮ ಯಜಮಾನರು ಯಾರ ಕೈಯೂ ಹಿಡಿಯದೆ ನಡೆದು ಚರ್ಚಿಗೆ ಬಂದರು. ಸ್ತುತಿ ಕಾಣಿಕೆ ಕೊಟ್ಟು ಎರಡು ಮಾತು ಹೇಳೋಣ ಅಂತ ಎದ್ದು ನಿಂತೆ. ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜುಲೈಯಲ್ಲಿ ಇವರು ತೋಟದ ನೀರಿಗೆ ಬರಿಗಾಲಲ್ಲಿ ಇಳಿದಿದ್ದರು. ಹಿಮ್ಮಡಿ ಒಡೆದಿತ್ತು. ಜ್ವರ ಬಂದಾಗ ಮಳೆಗಾಲದ್ದು ಅಂತ ಮೂರು ದಿನ ಕಷಾಯ ಕುಡಿಸಿದೆ. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಓಡಿದೆವು. ಇಲಿಜ್ವರ. ಇಲಿಯ ಮೂತ್ರ ಸೇರಿದ ನೀರಿನಿಂದ, ಚರ್ಮದ ಸಣ್ಣ ಬಿರುಕಿನಲ್ಲೂ ಒಳಗೆ ಹೋಗುತ್ತದಂತೆ. ಕಿಡ್ನಿಗೆ ಹೊಡೆದಿತ್ತು. 5 ಸಲ ಡಯಾಲಿಸಿಸ್, ಒಟ್ಟು 23 ದಿನ ಆಸ್ಪತ್ರೆ.

ಆ 23 ದಿನ ನಾನು ಕ್ಯಾಂಟೀನಿನ ಮುಖ ನೋಡಲಿಲ್ಲ. ಸ್ತ್ರೀಯರ ಕೂಟದವರು ಸರದಿ ಹಾಕಿಕೊಂಡು ಗಂಜಿ, ಚಟ್ನಿ ಕಳಿಸಿದರು. ಬಂದು "ದೇವರು ಪರೀಕ್ಷೆ ಮಾಡ್ತಾರೆ, ಧೈರ್ಯವಾಗಿರಿ" ಅಂತ ಹೇಳಿ ಲಿಫ್ಟಿನ ಕಡೆ ಹೋದವರೂ ಇದ್ದರು. ಹಸಿದವನಿಗೆ ಹೊಟ್ಟೆ ತುಂಬ ಉಣ್ಣು ಅಂತ ಬರೀ ಬಾಯಲ್ಲಿ ಹೇಳಿದರೆ ಏನು ಪ್ರಯೋಜನ ಅಂತ ಯಾಕೋಬನ ಪತ್ರಿಕೆ ಕೇಳುತ್ತದಲ್ವಾ, ಅದೇ ನೆನಪಾಯಿತು. ಕೋಪ ಇಲ್ಲ. ನಾನೂ ಎಷ್ಟು ಮನೆಗಳಲ್ಲಿ ಹಾಗೇ ಹೇಳಿ ಬಂದಿದ್ದೇನೋ.

ಇತ್ತ ಮನೆ ಸೋರುತ್ತಿತ್ತು. ಯುವಜನ ಕೂಟದ ಹುಡುಗರು ಮಾಡು ಹತ್ತಿ ಒಡೆದ ಹಂಚು ಬದಲಾಯಿಸಿದರು, ನನಗೆ ಹೇಳಲೂ ಇಲ್ಲ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದನ್ನು ಸಭೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ಸಲ ಹಂಚು ಇಟ್ಟ ಕೈಗಳ ಹೆಮ್ಮೆಯೂ ಸೇರಿತು.

ಇನ್ನು ತೋಡಿನಾಚೆಯ ಮನೆಯ ಅಣ್ಣನ ವಿಷಯ. ತೋಡಿನ ನೀರಿನ ತಕರಾರಿನಿಂದ ಎರಡೂ ಮನೆಗೆ 8 ವರ್ಷದಿಂದ ಮಾತಿರಲಿಲ್ಲ. ಒಂದೇ ಚರ್ಚು, ಎದುರುಬದುರು ಬೆಂಚು. ಪ್ಲೇಟ್‌ಲೆಟ್ ಬೇಕು ಅಂತ ಸಭೆಯ ವಾಟ್ಸಾಪ್‌ನಲ್ಲಿ ಹಾಕಿದ ಮರುದಿನ ಬೆಳಿಗ್ಗೆ ಅವರು ರಕ್ತನಿಧಿಯ ಬಾಗಿಲಲ್ಲಿ ನಿಂತಿದ್ದರು. ಅವತ್ತು ಮಳೆ ಬಿಟ್ಟಿತ್ತು. ಅಡಿಕೆಗೆ ಮದ್ದು ಬಿಡಲು ಎಲ್ಲರೂ ಕಾಯುವ ದಿನ. ಅರ್ಧಕ್ಕೇ ಬಿಟ್ಟು ಬಂದಿದ್ದರು, ಉಗುರಲ್ಲಿ ಇನ್ನೂ ಮೈಲುತುತ್ತಿನ ನೀಲಿ. ಮೆಷಿನ್ ರಕ್ತ ಎಳೆದು, ಪ್ಲೇಟ್‌ಲೆಟ್ ಬೇರೆ ಮಾಡಿ, ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತದೆ. ಒಂದೂವರೆ ಗಂಟೆ ಮಾಡು ನೋಡುತ್ತಾ ರಬ್ಬರ್ ಚೆಂಡು ಹಿಸುಕುತ್ತಾ ಮಲಗಿದ್ದರು.

ಕಾಫಿ ಕೊಟ್ಟೆ. ಅವರು ಹೇಳಿದ್ದು ಇಷ್ಟು: "ಸುಳ್ಳು ಹೇಳುದಿಲ್ಲ ಅಕ್ಕ, ಬರ್ಲಿಕ್ಕೆ ನಂಗೆ ಮನಸ್ಸಿರ್ಲಿಲ್ಲ. ನಾಡಿದ್ದು ಚರ್ಚಲ್ಲಿ ಕರ್ತನ ಭೋಜನ. ಈ ಜಗಳ ಹೊಟ್ಟೆಯಲ್ಲಿಟ್ಟುಕೊಂಡು ಆ ರೊಟ್ಟಿಗೆ ಹೇಗೆ ಕೈ ಒಡ್ಡುದು?"

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಅಂತ ಮತ್ತಾಯ 5ರಲ್ಲಿದೆ. ನಮಗೂ ಬಾಯಿಪಾಠ. ನಾವು ಹೋಗಿರಲಿಲ್ಲ. ಪ್ರೀತಿ ಉಕ್ಕಿದ ಮೇಲೆ ಹೋಗುವುದು ಅಂದುಕೊಂಡಿದ್ದೆ. ಅವರಿಗೆ ಪ್ರೀತಿ ಉಕ್ಕಿರಲಿಲ್ಲ, ಹೇಳಿದ್ದನ್ನು ಮಾಡಿದರು ಅಷ್ಟೇ. ನಮ್ಮವರ ಮೈಗೆ ಹೋದದ್ದು ಅದೇ.

ಡಾಕ್ಟರ್, ನರ್ಸುಗಳಿಗೆ, ರಾತ್ರಿ 2ಕ್ಕೆ ಬಂದು ಬಾಡಿಗೆ ತಗೊಳ್ಳದ ಆಟೋದ ಬ್ಯಾರಿ ಅಣ್ಣನಿಗೆ, ಉದ್ದ ಪ್ರಾರ್ಥನೆ ಮಾಡದೆ ಸುಮ್ನೆ ಪಕ್ಕ ಕೂತ ಅಯ್ಯನವರಿಗೆ, ಎಲ್ಲರಿಗೂ ವಂದನೆ.

ತೋಡಿನ ತಕರಾರು ಇನ್ನೂ ಮುಗಿದಿಲ್ಲ. ಆದರೆ ಈಗ ಇಬ್ಬರೂ ಅಂಗಳದಲ್ಲಿ ಕೂತು ವಾದ ಮಾಡುತ್ತಾರೆ, ನಾನು ಚಾ ಇಡುತ್ತೇನೆ. ಹಾಂ, ಮೂರು ಟಿಫಿನ್ ಕ್ಯಾರಿಯರ್ ನಮ್ಮಲ್ಲೇ ಉಳಿದಿವೆ. ಒಂದರ ಹಿಡಿಗೆ ಕೆಂಪು ನೂಲು ಕಟ್ಟಿದೆ. ಯಾರದ್ದು ಅಂತ ಹೇಳಿ, ಖಾಲಿ ಕೊಡುವುದಿಲ್ಲ.