ಗೋದಿ ಹೊಲಕ್ಕೆ ಕಲ್ಲಿನ ಪುಡಿ ಬೇಡ, ಜಿಪ್ಸಂ ಕೊಡಿಸಿ

ಅಕ್ಕಲಕೋಟದ ಆಮದಾರ ಸಾಹೇಬರಿಗೆ,

ಶರಣು ಶರಣಾರ್ಥಿ.

ಬೋರಿ ನದಿ ದಂಡೆಯ ನಮ್ಮ ಎರೆಹೊಲಗಳು ಸವಳು ಹಿಡಿಯುತ್ತಿವೆ, ಅಂದರೆ ಮಣ್ಣಿನಲ್ಲಿ ಸೋಡಿಯಂ ಸೇರಿಕೊಳ್ಳುತ್ತಿದೆ. ಕಬ್ಬಿಗೆ ನೀರು ಕಟ್ಟಿದ್ದೇ ಕಟ್ಟಿದ್ದು, ಬಸಿದು ಹೋಗಲು ದಾರಿಯಿಲ್ಲ. ಅಂಥ ಹೊಲಕ್ಕೆ ಹಿಂಗಾರಿಯಲ್ಲಿ ಗೋದಿ ಬಿತ್ತಿದರೆ ಮೇಲ್ಮಣ್ಣು ಬಿರುಸಾಗಿ ಮೊಳಕೆ ಏಳುವುದಿಲ್ಲ. ಎದ್ದದ್ದು ಹಳದಿಯಾಗಿ ತೆಂಡೆ (ಬುಡದ ಕವಲು) ಒಡೆಯುವುದಿಲ್ಲ.

ಈಗ ಕಪ್ಪುಕಲ್ಲಿನ ಪುಡಿಯನ್ನು ಚೀಲಕ್ಕೆ ತುಂಬಿ, ಖನಿಜ ಗೊಬ್ಬರ ಅಂತ ಮಾರುವವರು ಊರೂರಿಗೆ ಬರುತ್ತಿದ್ದಾರೆ. ಮಳೆ ಹೆಚ್ಚಿದ್ದು ಮಣ್ಣು ಹುಳಿಯಾದ ಸೀಮೆಯಲ್ಲಿ ಆ ಪುಡಿ ಕರಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಎರೆಮಣ್ಣು ಹುಟ್ಟಿದ್ದೇ ಆ ಕಲ್ಲಿನಿಂದ. ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, pH) 8 ದಾಟಿದ ಕ್ಷಾರದ ಹೊಲದಲ್ಲಿ ಅದು ಕರಗುವುದು ಬಲು ನಿಧಾನ. ಸುಣ್ಣವಂತೂ ಬೇಡವೇ ಬೇಡ, ನೇಗಿಲು ಹೊಡೆದರೆ ಸುಣ್ಣದ ಹರಳುಗಳೇ ಮೇಲೆ ಬರುತ್ತವೆ.

ಇಲ್ಲಿಗೆ ಬೇಕಾದದ್ದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಇರುವ ಒಂದು ಖನಿಜ. ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಮ್ಮನ್ನು ಬಿಡಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಬಿಟ್ಟ ಸೋಡಿಯಂ ನೀರಿನ ಜೊತೆ ಇಳಿದು ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ಹಣ ಮಣ್ಣುಪಾಲು. ಪಂಜಾಬ, ಹರಿಯಾಣದ ಎಷ್ಟೋ ಕರಲು ಭೂಮಿ ಜಿಪ್ಸಮ್ಮಿನಿಂದಲೇ ಭತ್ತ, ಗೋದಿ ಬೆಳೆಯುವಂತಾಯಿತು. ಆ ಕೆಲಸಕ್ಕೆಂದೇ ಕರ್ನಾಲದಲ್ಲಿ 1969ರಿಂದ ಕೇಂದ್ರದ ಸಂಶೋಧನಾ ಸಂಸ್ಥೆಯೊಂದಿದೆ.

ಸಾಹೇಬರೇ, ತೊಡಕು ಇರುವುದು ಇಲ್ಲಿ. 2015ರಲ್ಲಿ ಶುರುವಾದ ಮಣ್ಣಿನ ಆರೋಗ್ಯ ಪತ್ರಿಕೆಯಲ್ಲಿ (ಹೊಲದ ಮಣ್ಣು ಪರೀಕ್ಷಿಸಿ ಸರಕಾರ ಕೊಡುವ ಚೀಟಿ) 12 ಅಂಶಗಳಿವೆ. ಸಾರಜನಕ, ಸತು, ಬೋರಾನ್ ಎಲ್ಲ ಇವೆ, ಸೋಡಿಯಂ ಇಲ್ಲ. ಅದನ್ನು ಅಳೆಯದೆ ಎಕರೆಗೆ ಎಷ್ಟು ಜಿಪ್ಸಂ ಅಂತ ಯಾರು ಹೇಳಬೇಕು? ಅಂದಾಜಿನ ಮೇಲೆ ಟನ್‌ಗಟ್ಟಲೆ ಸುರಿಯುವ ಶಕ್ತಿ ಸಣ್ಣ ರೈತನಿಗಿಲ್ಲ. ಪತ್ರಿಕೆ ಬರುವುದೂ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಅದನ್ನು ಮಡಚಿ ಇಟ್ಟುಬಿಡುತ್ತಾರೆ. ಸತು ಕಡಿಮೆ ಇದ್ದರೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಬೇಕು, ಡಿಎಪಿ ಗೊಬ್ಬರದ ಜೊತೆ ಬೆರೆಸಬಾರದು ಎಂಬ ಸಣ್ಣ ಮಾತೂ ಅವರಿಗೆ ಮುಟ್ಟುವುದಿಲ್ಲ.

ಸವಳು ಹಿಡಿದ ಊರುಗಳಲ್ಲಿ ಬೇಸಿಗೆಯಲ್ಲೇ ಸೋಡಿಯಂ ಪರೀಕ್ಷೆ ಮಾಡಿಸಿ. ಸೋಲಾಪುರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಸಿ ಒಂದೆರಡು ಹೊಲದಲ್ಲಿ ಜಿಪ್ಸಂ ಹಾಕಿದ ಪಟ್ಟಿ, ಹಾಕದ ಪಟ್ಟಿ ಅಕ್ಕಪಕ್ಕ ಬೆಳೆಸಿ ತೋರಿಸಲಿ. ಮಳೆಗಾಲಕ್ಕೆ ಮೊದಲೇ ಸಬ್ಸಿಡಿ ಜಿಪ್ಸಂ ಊರಿಗೆ ಬಂದರೆ ಮಳೆನೀರೇ ಸೋಡಿಯಂ ತೊಳೆಯುತ್ತದೆ. ದೀಪಾವಳಿಗೆ ಬಂದರೆ ಆ ವರ್ಷದ ಗೋದಿಗೆ ಉಪಯೋಗ ಕಡಿಮೆ. ಬಸಿಗಾಲುವೆಗೆ ತಮ್ಮ ನಿಧಿಯಿಂದ ಹಣ ಕೊಡಿಸಿ, ಪತ್ರಿಕೆಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ.

ತಮ್ಮ ಮತದಾರ,
ಬೋರಿ ದಂಡೆಯ ಒಬ್ಬ ರೈತ