ಬೆಳಿಗ್ಗೆ ಡೈವಿಂಗ್, ರಾತ್ರಿ ಬೆಟ್ಟ ಬೇಡ

ಸಂಪಾದಕರೇ,

ಕಳೆದ ತಿಂಗಳು ನಾನು, ನಮ್ಮ ಯಜಮಾನರು, ಮಗಳು ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗೆ ಹೋಗಿ ಬಂದೆವು. ಮುಂದೆ ಕೆಂಪು ಸಮುದ್ರ, ಹಿಂದೆ ಸಿನಾಯ್ ಮರುಭೂಮಿ, ನಡುವೆ ರೆಸಾರ್ಟು. ಊರು ತುಂಬಾ ಹಿಡಿಸಿತು. ಆದರೆ ನಮ್ಮ ಟೂರ್ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಒಂದು ದೊಡ್ಡ ತಪ್ಪಿತ್ತು. ಮುಂದೆ ಹೋಗುವವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಎರಡನೇ ದಿನ ಬೆಳಿಗ್ಗೆ ದೋಣಿಯಲ್ಲಿ, ಹವಳಕ್ಕೆ ಹೆಸರಾದ ರಾಷ್ಟ್ರೀಯ ಉದ್ಯಾನ ರಾಸ್ ಮೊಹಮ್ಮದ್‌ಗೆ ಹೋಗಿ ಎರಡು ಸಲ ಡೈವಿಂಗ್. ಅದೇ ರಾತ್ರಿ ಹತ್ತೂವರೆಗೆ ಬಸ್ಸು ಹತ್ತಿ, ಸಿನಾಯ್ ಬೆಟ್ಟ ಏರಿ ಸೂರ್ಯೋದಯ ನೋಡುವುದು. ಒಂದೇ ದಿನದಲ್ಲಿ ಸಮುದ್ರವೂ ಆಯಿತು ಮರುಭೂಮಿಯೂ ಆಯಿತು ಅಂತ ನಾವೂ ಖುಷಿಯಾಗಿದ್ದೆವು.

ಆ ಸಮುದ್ರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೆಂಪು ಸಮುದ್ರಕ್ಕೆ ಸೇರುವ ನದಿಯೇ ಇಲ್ಲ, ಮಳೆಯೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮಣ್ಣು ಬಂದು ಕದಡುವ ಮಾತೇ ಇಲ್ಲ. ನೀರೊಳಗೆ ನೀಲಿ ಹಸಿರು ಗಿಳಿಮೀನೊಂದು ಹವಳವನ್ನು ಕಟಕಟ ಕಚ್ಚುವ ಸದ್ದು ನನ್ನ ಕಿವಿಗೇ ಕೇಳಿಸಿತು.

ಎರಡನೇ ಡೈವ್ ಮುಗಿಸಿ ಮೇಲೆ ಬಂದಾಗ ಮಧ್ಯಾಹ್ನ ಎರಡೂವರೆ. ಬೆನ್ನಿನ ಸಿಲಿಂಡರ್ ಬಿಚ್ಚುತ್ತಾ ತರಬೇತುದಾರ ಸುಮ್ನೆ ಮಾತಿಗೆ ಕೇಳಿದ, "ನಾಳೆ ಎಲ್ಲಿಗೆ?" ಇವತ್ತು ರಾತ್ರಿಯೇ ಬೆಟ್ಟಕ್ಕೆ ಅಂದಳು ಮಗಳು. ಅವನ ಕೈ ಬೆಲ್ಟಿನ ಮೇಲೆಯೇ ನಿಂತಿತು. ಬೆರಳು ಮಡಚಿ ಗಂಟೆ ಎಣಿಸಿದ. "ಹೋಗಬೇಡಿ" ಅಂದ, ಅಷ್ಟೇ. ಆಮೇಲೆ ಕೂತು ಬಿಡಿಸಿ ಹೇಳಿದ.

ನೀರಿನ ಆಳದಲ್ಲಿ ಒತ್ತಡ ಜಾಸ್ತಿ. ನಾವು ಉಸಿರಾಡುವ ಗಾಳಿಯಲ್ಲಿನ ನೈಟ್ರೋಜನ್ ಅಲ್ಲಿ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಜೊತೆ ಹೊರಗೆ ಹೋಗಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ ಗಾಳಿಯ ಒತ್ತಡ ಇನ್ನೂ ಕಡಿಮೆಯಾಗಿ, ಗೋಲಿ ಸೋಡಾ ಒಡೆದಾಗ ಏಳುತ್ತದಲ್ಲ, ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲುನೋವು, ಕೈಕಾಲು ಜೋಮು, ತಲೆಸುತ್ತು, ಕೆಲವರಿಗೆ ಲಕ್ವಾ ಕೂಡ ಆಗುತ್ತದೆ. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಮೂರು ಆದರೆ 18 ಗಂಟೆ, ಎತ್ತರಕ್ಕೆ ಹೋಗುವ ಮುಂಚೆ ಬಿಡುವು ಬೇಕು ಅನ್ನುವುದು ಡೈವಿಂಗ್‌ನವರು ಪಾಲಿಸುವ ಲೆಕ್ಕ. ಇದು ವಿಮಾನಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಸಿನಾಯ್ ಬೆಟ್ಟ 2285 ಮೀಟರ್. ವಿಮಾನದ ಒಳಗಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಎತ್ತರದ್ದು! ಬೆಟ್ಟದ ಬುಡದ ಸೇಂಟ್ ಕ್ಯಾಥರೀನ್ ಮಠವೇ ಸುಮಾರು 1500 ಮೀಟರ್ ಮೇಲಿದೆ. ಬಸ್ಸಿನಲ್ಲಿ ನಿದ್ದೆ ಮಾಡುತ್ತಲೇ ನಾವು ಅಷ್ಟು ಏರಿಬಿಟ್ಟಿರುತ್ತಿದ್ದೆವು.

ನನಗೆ ಭಯವಾಗಿದ್ದು ಇನ್ನೊಂದಕ್ಕೆ. ರಾತ್ರಿಯಿಡೀ ಕಲ್ಲುದಾರಿ ಹತ್ತಿ, ಕೊನೆಗೆ ಏಳುನೂರೈವತ್ತು ಮೆಟ್ಟಿಲು ಏರಿದವರಿಗೆ ಮಂಡಿ ನೋಯದೆ ಇರುತ್ತದಾ? ಗುಳ್ಳೆಯಿಂದ ಬಂದ ನೋವನ್ನೂ ಸುಸ್ತು ಅಂತ ತಿಳಿದು ಸುಮ್ಮನಾಗುತ್ತಿದ್ದೆವು ಅಲ್ವಾ? ಚಿಕಿತ್ಸೆಗೆ ಬೇಕಾದ, ಗಾಳಿಯ ಒತ್ತಡ ಹೆಚ್ಚಿಸಿ ಗುಳ್ಳೆ ಕರಗಿಸುವ ಕೋಣೆ ಇರುವುದು ಕೆಳಗೆ ಶರ್ಮ್‌ನಲ್ಲಿ.

ಏಜೆಂಟರಿಗೆ ಫೋನ್ ಮಾಡಿದರೆ "ಎಲ್ಲರೂ ಹೀಗೇ ಹೋಗ್ತಾರೆ ಮೇಡಂ" ಅಂದರು. ನಾವು ಹೋಗಲಿಲ್ಲ. ಎರಡು ದಿನ ಬಿಟ್ಟು ಹೋದೆವು. ತುದಿಯಲ್ಲಿ ಬಾಡಿಗೆ ಕಂಬಳಿ ಹೊದ್ದು, ಬೆದೂಯಿನ್ ಹುಡುಗ ಕೊಟ್ಟ ಸಿಹಿ ಕಪ್ಪು ಚಹಾ ಕುಡಿಯುತ್ತಾ ನೋಡಿದ ಆ ಬೆಳಗು ಚೆನ್ನಾಗಿಯೇ ಇತ್ತು.

ನಮ್ಮೂರಲ್ಲೂ ಇದು ಬೇಕಾದ ಮಾತು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿದವರು ಅದೇ ಸಂಜೆ ಕೊಡಚಾದ್ರಿ ಹತ್ತುವ ಯೋಜನೆ ಹಾಕಬಾರದು, ಅದು 1343 ಮೀಟರ್. ಟೂರ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಬೆಟ್ಟ ಮೊದಲು ಇಡಿ, ಸಮುದ್ರ ಆಮೇಲೆ, ವಿಮಾನದ ಹಿಂದಿನ ದಿನ ಡೈವಿಂಗ್ ಇಡಬೇಡಿ. ದುಡ್ಡು ಒಂದು ಪೈಸೆ ಜಾಸ್ತಿ ಆಗುವುದಿಲ್ಲ, ದಿನಗಳನ್ನು ಅದಲುಬದಲು ಮಾಡಿದರೆ ಸಾಕು.

– ಒಬ್ಬ ಓದುಗಿ, ಹುಬ್ಬಳ್ಳಿ