ಬಿಲ್ಲಿನ ಗಂಟೆ ಲೆಕ್ಕ ಇನ್ನು ಮುಂದೆ ಬೇರೆ ಥರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಕಿನಿಂದ ಮಡಿಕೇರಿಯ ನಮ್ಮ ಸಾಫ್ಟ್‌ವೇರ್ ಬಳಗದ ಬಿಲ್ಲಿನಲ್ಲಿ ಒಂದು ಬದಲಾವಣೆ ಇರುತ್ತದೆ. ಗಂಟೆಯ ದರ ಹಾಗೇ ಇದೆ. ಗಂಟೆ ಎಣಿಸುವ ರೀತಿ ಬದಲಾಗುತ್ತಿದೆ.

ಕಾರಣ ಹೇಳಿಬಿಡುತ್ತೇವೆ. ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಬೆಳೆಗಾರರೊಬ್ಬರು ಬಿಲ್ಲು ನೋಡಿ ಫೋನ್ ಮಾಡಿದರು. ಅವರ ತೋಟದ ಕೂಲಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದು ನಾವೇ. "18ನೇ ತಾರೀಕು 6 ಗಂಟೆ ಕೆಲಸ ಅಂತ ಹಾಕಿದ್ದೀರಿ. ಅವತ್ತು ಮಡಿಕೇರೀಲಿ ಇಡೀ ದಿನ ಕರೆಂಟ್ ಇರಲಿಲ್ಲ ಅಲ್ವಾ?" ಎಂದು ಕೇಳಿದರು. ಕೆಲಸ ನಿಜವಾಗಿ ಆಗಿತ್ತು, ಆದರೆ ಬೇರೆ ದಿನ. ತಿಂಗಳ ಕೊನೆಗೆ ಕೂತು ನೆನಪಿನಿಂದ ಗಂಟೆ ಬರೆಯುತ್ತಿದ್ದೆವು. ಅವರಿಗೆ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಆ 6 ಗಂಟೆ ಬಿಲ್ಲಿನಿಂದ ತೆಗೆದೆವು. ಅವರ ಮನೆ ಜಗಲಿಯಲ್ಲಿ ಮಳೆ ಪುಸ್ತಕ ಇದೆ. ದಿನಾ ಬೆಳಗ್ಗೆ ಅಳತೆ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ವಾರದ ಮಳೆಯನ್ನು ಅಂದಾಜಿನಲ್ಲಿ ಬರೆಯುವವರಲ್ಲ. ಅಂಥವರಿಗೆ ಅಂದಾಜಿನ ಬಿಲ್ಲು ಕೊಟ್ಟೆವಲ್ಲ ಎಂದು ತುಂಬಾ ಬೇಜಾರಾಯಿತು.

ಈಗ ವಾಕಾಟೈಮ್ ಎಂಬ ಸಾಧನ ಹಾಕಿದ್ದೇವೆ. ನಾವು ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ಎಂಬ ಸಾಫ್ಟ್‌ವೇರ್ ಒಳಗೇ ಅದು ಕೂತಿರುತ್ತದೆ. ಫೈಲ್ ತೆರೆದು ಕೆಲಸ ಮಾಡುತ್ತಿದ್ದರೆ ಆಗಾಗ ಒಂದು ಸಣ್ಣ ಗುರುತು ಕಳಿಸುತ್ತದೆ: ಯಾವ ಪ್ರಾಜೆಕ್ಟ್, ಯಾವ ಫೈಲ್, ಎಷ್ಟು ಹೊತ್ತಿಗೆ. ಆ ಗುರುತುಗಳನ್ನು ಜೋಡಿಸಿದರೆ ಗಂಟೆ ಸಿಗುತ್ತದೆ. 15 ನಿಮಿಷಕ್ಕಿಂತ ಜಾಸ್ತಿ ಸುಮ್ನೆ ಬಿಟ್ಟರೆ ಆ ಹೊತ್ತು ಲೆಕ್ಕಕ್ಕೆ ಸೇರುವುದಿಲ್ಲ. ಫೈಲ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಊಟದ ಹೊತ್ತು ನಿಮ್ಮ ಬಿಲ್ಲಿಗೆ ಬರುವುದಿಲ್ಲ. ನೆಟ್ ಇಲ್ಲದಾಗ ಗುರುತುಗಳು ಲ್ಯಾಪ್‌ಟಾಪಿನಲ್ಲೇ ಉಳಿದು, ನೆಟ್ ಬಂದ ಮೇಲೆ ಹೋಗುತ್ತವೆ. ನಮ್ಮ ಊರಿಗೆ ಇದು ಬೇಕೇ ಬೇಕು.

ನಿಮ್ಮ ಕೋಡ್ ಆಗಲಿ, ಕೆಲಸಗಾರರ ಹೆಸರು, ಹೋಂಸ್ಟೇ ಅತಿಥಿಗಳ ವಿವರ ಆಗಲಿ ಅದರ ಮೂಲಕ ಹೊರಗೆ ಹೋಗುವುದಿಲ್ಲ. ಫೈಲಿನ ಹೆಸರೂ ಬೇಡ ಎಂದರೆ ಅದನ್ನು ಮುಚ್ಚಿಡಬಹುದು, ಹೇಳಿ ಸಾಕು.

ಈ ಸಾಧನಕ್ಕೆ ಎಲ್ಲವೂ ಕಾಣುವುದಿಲ್ಲ. ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದ್ದು, ತೋಟಕ್ಕೆ ಬಂದು ರೈಟರ್ (ತೋಟದ ಲೆಕ್ಕ ಬರೆಯುವವರು) ಪಕ್ಕ ಕೂತು ಹಾಜರಿ ಪುಸ್ತಕ ನೋಡಿದ್ದು ಅದಕ್ಕೆ ಗೊತ್ತಾಗದು. ಅದನ್ನು ಅವತ್ತೇ ಸಂಜೆ ಕೈಯಲ್ಲಿ ಬರೆದು, ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ತೋರಿಸುತ್ತೇವೆ. ಇನ್ನೊಂದು ಮಾತು: ನಮ್ಮ ಹುಡುಗರ ಸಂಬಳವನ್ನು ಈ ಗಂಟೆ ನೋಡಿ ಕೊಡುವುದಿಲ್ಲ. ಅರ್ಧ ದಿನ ಕಾಗದದ ಮೇಲೆ ಗೀಚಿ, ಕೊನೆಗೆ 3 ಸಾಲಿನಲ್ಲಿ ತಪ್ಪು ಸರಿ ಮಾಡುವವರು ನಮ್ಮಲ್ಲಿದ್ದಾರೆ. ಅವರು ನಮಗೆ ಬೇಕು.

ಇನ್ನು ಮೇಲೆ ಬಿಲ್ಲಿನ ಜೊತೆ ದಿನವಾರು ಪಟ್ಟಿ ಬರುತ್ತದೆ. ಯಾವ ಸಾಲಾದರೂ ಸರಿ ಕಾಣದಿದ್ದರೆ ಹಣ ಕಟ್ಟುವ ಮುಂಚೆಯೇ ಫೋನ್ ಮಾಡಿ. ಕಳೆದ 3 ತಿಂಗಳ ಹಳೆ ಬಿಲ್ಲುಗಳ ಬಗ್ಗೆ ಅನುಮಾನ ಇದ್ದರೂ ಕೇಳಿ, ಕೂತು ನೋಡೋಣ.

ವಂದನೆಗಳೊಂದಿಗೆ,
ನಿಮ್ಮ ಸಾಫ್ಟ್‌ವೇರ್ ಬಳಗ, ಮಡಿಕೇರಿ